ಅಗೆಯುವುದೋ, ತೊಳೆಯುವುದೋ, ಬರೆಯುವುದೋ? ಪುರಾತತ್ವ ತಾಣದಲ್ಲಿ ಸ್ವಯಂಸೇವೆಗೆ ಹೊರಟವರಿಗೆ

ಪುರಾತತ್ವ ತಾಣದಲ್ಲಿ ಸ್ವಯಂಸೇವಕರಾಗಲು ಅರ್ಜಿ ತುಂಬುವವರಲ್ಲಿ ಹೆಚ್ಚಿನವರು ‘ಯಾವ ಕೆಲಸ ಬೇಕು?’ ಎಂಬ ಪ್ರಶ್ನೆಯ ಮುಂದೆ ಯೋಚಿಸದೆ ‘ಉತ್ಖನನ’ ಎಂದು ಬರೆದುಬಿಡುತ್ತಾರೆ. ನಾನೂ ಹಾಗೆ ಬರೆದವಳೇ. ಮೊದಲ ಸಲ ಹೋದಾಗ ಹನ್ನೆರಡು ದಿನ ಮಂಡಿಯೂರಿ ಮಣ್ಣು ಕೆರೆದೆ. ನನ್ನ ಪಾಲಿನ ಚೌಕದಲ್ಲಿ ಸಿಕ್ಕಿದ್ದು ಕಂದು ಮಣ್ಣು, ಅದರ ಕೆಳಗೆ ತುಸು ಗಾಢವಾದ ಕಂದು ಮಣ್ಣು. ಆ ಎರಡರ ನಡುವಿನ ಗೆರೆಯನ್ನು ನೋಡಿ ತಂಡದ ಮುಖ್ಯಸ್ಥರು ಹಿಗ್ಗಿದರು. ಅವರು ಹಿಗ್ಗಿದ್ದು ಏಕೆಂದು ನನಗೆ ಅರ್ಥವಾದದ್ದು ಮೂರನೆಯ ವರ್ಷ, ಅದೂ ಅಗೆತದ ಗುಂಡಿಯಲ್ಲಲ್ಲ, ಮಡಕೆ ಚೂರು ತೊಳೆಯುವ ಕಟ್ಟೆಯ ಮೇಲೆ.

ಆಮೇಲೆ ಬೇರೆ ಬೇರೆ ತಾಣಗಳಲ್ಲಿ ಬೇರೆ ಬೇರೆ ಕೆಲಸ ಮಾಡಿದ್ದೇನೆ. ಈಗ ಯಾರಾದರೂ ‘ಯಾವುದನ್ನು ಆರಿಸಿಕೊಳ್ಳಲಿ?’ ಎಂದು ಕೇಳಿದರೆ ಅವರಿಗೆ ಏನು ಇಷ್ಟವೆಂದು ನಾನು ವಿಚಾರಿಸುವುದಿಲ್ಲ. ಇಷ್ಟವೆಲ್ಲ ಮೊದಲ ಎರಡು ದಿನದ ಮಾತು. ಯಾವ ಬಗೆಯ ಬೇಸರವನ್ನು ಸಹಿಸಬಲ್ಲಿರಿ ಎಂದು ಕೇಳುತ್ತೇನೆ. ಅಗೆಯುವವರಿಗೆ ಏನೂ ಸಿಗದ ಬೇಸರ. ತೊಳೆಯುವವರಿಗೆ ಒಂದೇ ತರಹದ್ದು ಸಾವಿರ ಸಲ ಸಿಗುವ ಬೇಸರ. ಪ್ರವಾಸಿಗರಿಗೆ ತಾಣ ತೋರಿಸುವವರಿಗೆ ಒಂದೇ ಪ್ರಶ್ನೆಗೆ ದಿನವಿಡೀ ಉತ್ತರ ಹೇಳುವ ಬೇಸರ. ನಿಮ್ಮ ಸ್ವಭಾವಕ್ಕೆ ಇವುಗಳಲ್ಲಿ ಯಾವುದು ಹಗುರವೋ ಆ ಕೆಲಸದಲ್ಲಿ ನೀವು ಉಳಿಯುತ್ತೀರಿ.

ಅಗೆತ ಮತ್ತು ಜರಡಿ

ಕೆಲಸ ಬಿಸಿಲೇರುವ ಮುಂಚೆಯೇ ಶುರುವಾಗುತ್ತದೆ. ಹಾರೆ, ಗುದ್ದಲಿಗಳು ಮೇಲಿನ ಸಡಿಲ ಮಣ್ಣಿಗೆ ಮಾತ್ರ. ಆಮೇಲಿನದೆಲ್ಲ ಅಂಗೈ ಉದ್ದದ ಚೂಪು ಕರಣಿ, ಕುಂಚ ಮತ್ತು ಮಂಡಿಯ ಕೆಲಸ. ಮಂಡಿ ಎಂದು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಅರ್ಜಿಯಲ್ಲಿ ಯಾರೂ ಅದರ ಬಗ್ಗೆ ಕೇಳುವುದಿಲ್ಲ. ದಿನಕ್ಕೆ ಆರು ಗಂಟೆ ನೆಲದ ಮೇಲೆ ಬಗ್ಗಿ ಕುಳಿತು ಏಳುವುದು ನಿಮ್ಮಿಂದ ಆಗದಿದ್ದರೆ ಈ ಕೆಲಸ ನಿಮಗಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಅಗೆಯುವವರಿಗೆ ತೋಳಿನ ಬಲಕ್ಕಿಂತ ತಡೆದುಕೊಳ್ಳುವ ಗುಣ ಮುಖ್ಯ. ಮಣ್ಣಿನ ಬಣ್ಣ ಒಂದಿಷ್ಟು ಬದಲಾದರೂ, ಕರಣಿಯ ಸದ್ದು ಬೇರೆಯಾದರೂ ಕೈ ನಿಲ್ಲಿಸಿ ಮೇಲ್ವಿಚಾರಕರನ್ನು ಕರೆಯಬೇಕು. ಮರದ ಕಂಬ ಕೊಳೆತುಹೋದ ಕಡೆ ಕಂಬ ಸಿಗುವುದಿಲ್ಲ. ಸುತ್ತಲಿನದಕ್ಕಿಂತ ಮೆತ್ತಗಿನ, ಕಪ್ಪಾದ, ದುಂಡನೆಯ ಮಣ್ಣು ಸಿಗುತ್ತದೆ. ಅಂಥ ನಾಲ್ಕು ಗುಳಿಗಳು ಸಾಲಾಗಿ ಕಂಡರೆ ಅದು ಒಂದು ಮನೆಯ ಗುರುತು. ಉತ್ಸಾಹದಲ್ಲಿ ಕೆರೆದುಹಾಕಿದರೆ ಆ ಮನೆ ಇರಲೇ ಇಲ್ಲ ಎಂದಾಗುತ್ತದೆ. ತೆಗೆದ ಪದರವನ್ನು ಮತ್ತೆ ಇಡಲು ಬರುವುದಿಲ್ಲ. ಎಚ್ಚರವಿರುವ ತಂಡಗಳು ತಾಣದ ಒಂದು ಭಾಗವನ್ನು ಬೇಕೆಂದೇ ಮುಟ್ಟದೆ ಬಿಡುವುದು, ನಾಳೆ ಇನ್ನೂ ಉತ್ತಮ ವಿಧಾನ ಹಿಡಿದು ಬರುವವರಿಗೆ ಏನಾದರೂ ಉಳಿದಿರಲಿ ಎಂದು. ಹೊಸಬರ ಕೈಗೆ ಮೊದಲ ದಿನವೇ ಗುದ್ದಲಿ ಕೊಟ್ಟು ಗುಂಡಿಗೆ ಇಳಿಸುವ ಶಿಬಿರವನ್ನು ಕಂಡರೆ ನನಗಂತೂ ಅನುಮಾನ.

ಜರಡಿ ಹಿಡಿಯುವುದು ಅಗೆತದ ಬಡ ತಮ್ಮನಂತೆ. ಗುಂಡಿಯಿಂದ ಬಂದ ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ಸೋಸಿ, ಬಲೆಯಲ್ಲಿ ಉಳಿದದ್ದನ್ನು ಬೆರಳಿನಿಂದ ಆಡಿಸಿ ನೋಡಬೇಕು. ಇದಕ್ಕೆ ತಾನಾಗಿ ಕೈಯೆತ್ತುವವರು ಅಪರೂಪ. ಆದರೆ ಎರಡನೆಯ ವರ್ಷ ಸುಟ್ಟ ಕಲ್ಲೆಂದು ನಾನು ಬುಟ್ಟಿಗೆ ಎಸೆದಿದ್ದ ಗುಳ್ಳೆಗುಳ್ಳೆಯ ತುಂಡೊಂದನ್ನು ಜರಡಿಯ ಬಳಿಯಿದ್ದ ಹುಡುಗ ಎತ್ತಿಟ್ಟ. ಅದು ಕಬ್ಬಿಣದ ಕಿಟ್ಟ, ಕಬ್ಬಿಣ ಕಾಯಿಸುವಾಗ ಉಳಿಯುವ ಕಸ. ಮರುದಿನ ಅದೇ ಪದರದಲ್ಲಿ ಇನ್ನಷ್ಟು ತುಂಡುಗಳು ಸಿಕ್ಕವು. ಆ ಮೂಲೆಯನ್ನು ಅಡುಗೆ ಒಲೆ ಎಂದು ಬರೆದುಕೊಂಡಿದ್ದವರು ಕುಲುಮೆ ಎಂದು ತಿದ್ದಿದರು. ಅಗೆದವಳು ನಾನು, ಕಂಡವನು ಅವನು. ಮಣಿ, ಮೀನಿನ ಮೂಳೆ, ಇಲಿಯ ಹಲ್ಲಿನಂಥ ಸಣ್ಣ ವಸ್ತುಗಳೆಲ್ಲ ಬೆಳಕಿಗೆ ಬರುವುದು ಹೆಚ್ಚಾಗಿ ಜರಡಿಯಲ್ಲೇ. ಕೆಲವು ತಾಣಗಳಲ್ಲಿ ಮಣ್ಣನ್ನು ನೀರಿಗೆ ಹಾಕಿ ಕದಡುತ್ತಾರೆ. ಕರಿಕಾಗಿರುವ ಕಾಳುಗಳು ಹಗುರವಾದ್ದರಿಂದ ಮೇಲೆ ತೇಲುತ್ತವೆ. ಅವುಗಳನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಹಿಡಿದು ನೆರಳಿನಲ್ಲಿ ಒಣಗಿಸುತ್ತಾರೆ. ಆ ಜನ ಏನು ಬೆಳೆದರು, ಏನು ಉಂಡರು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಇನ್ನೊಂದು ಸಿಗುವುದು ಕಷ್ಟ. ನಿಂತು ಮಾಡುವ ಕೆಲಸವಾದ್ದರಿಂದ ಮಂಡಿನೋವಿನವರಿಗೂ ಆಗುತ್ತದೆ. ದೂಳು ಆಗದವರು ಮಾತ್ರ ಒಣ ಜರಡಿಯಿಂದ ದೂರವಿರಿ.

ತೊಳೆಯುವ ಕಟ್ಟೆ

ನನ್ನನ್ನು ಕೇಳಿದರೆ ಹೊಸಬರು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಗುಂಡಿಯೊಳಗೆ ನಿಮಗೆ ಕಾಣುವುದು ನಿಮ್ಮ ಚೌಕ ಮಾತ್ರ. ಕಟ್ಟೆಯ ಬಳಿಗೆ ಎಲ್ಲ ಚೌಕಗಳ ಚೂರುಗಳೂ ಬರುತ್ತವೆ. ಒಂದು ವಾರ ಹಲ್ಲುಜ್ಜುವ ಕುಂಚ ಹಿಡಿದು ತೊಳೆದವರಿಗೆ ಕೈಯಲ್ಲಿ ಮಾಡಿದ ಮಡಕೆ, ತಿಗರಿಯ ಮೇಲೆ ತಿರುಗಿಸಿದ ಮಡಕೆ ಇವುಗಳ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆರಳಿಗೇ ತಿಳಿಯುತ್ತದೆ.

ಈ ಚೂರುಗಳ ಬೆಲೆ ಎಷ್ಟೆಂಬುದಕ್ಕೆ ಪುರಾತತ್ವದ ಇತಿಹಾಸದಲ್ಲೇ ಸಾಕ್ಷಿಯಿದೆ. 1945ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವರು ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಅಗೆಸಿದಾಗ ಇಟಲಿಯಲ್ಲಿ ತಯಾರಾದ ಕೆಂಪು ಹೊಳಪಿನ ಮಡಕೆಯ ಚೂರುಗಳು ಸಿಕ್ಕವು. ಅವುಗಳ ಕಾಲ ಮೊದಲೇ ಗೊತ್ತಿತ್ತು. ಅವುಗಳ ನೆರವಿನಿಂದ ಅಲ್ಲಿಯೇ ಸಿಕ್ಕ, ಒಳಮೈಯಲ್ಲಿ ಸಣ್ಣ ಗೀರುಗಳ ಸಾಲಿನ ಅಲಂಕಾರವಿದ್ದ ಇನ್ನೊಂದು ಬಗೆಯ ಮಡಕೆಗೂ ಕಾಲ ಸಿಕ್ಕಿತು. 1947ರಲ್ಲಿ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದಾಗ ಅಲ್ಲಿನ ಮೇಲಿನ ಪದರಗಳಲ್ಲಿ ಇದೇ ಗೀರಿನ ಚೂರುಗಳು ಕಾಣಿಸಿಕೊಂಡವು. ಆ ಪದರ ಯಾವ ಕಾಲದ್ದೆಂದು ತಿಳಿದ ಮೇಲೆ ಅದರ ಕೆಳಗಿನ ಬೃಹತ್ ಶಿಲಾಗೋರಿಗಳ ಜನ, ಅವರಿಗೂ ಹಿಂದಿನ ಕಲ್ಲುಕೊಡಲಿಯ ಜನ ಎಲ್ಲರನ್ನೂ ಕಾಲದ ಏಣಿಯ ಮೇಲೆ ಕೂರಿಸಲು ದಾರಿಯಾಯಿತು. ವೀಲರ್ ಕೊಟ್ಟ ಕಾಲಮಾನವನ್ನು ಮುಂದೆ ವಸ್ತುವಿನ ವಯಸ್ಸು ಅಳೆಯುವ ಇಂಗಾಲದ ಪರೀಕ್ಷೆಗಳು ತಿದ್ದಿದ್ದು ಬೇರೆ ಮಾತು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ನಿಂತಿತು. ನನ್ನ ಎರಡು ಕಂದು ಮಣ್ಣುಗಳ ನಡುವಿನ ಗೆರೆಯೂ ಇಂಥದ್ದೇ ಇತ್ತು. ಗೆರೆಯ ಕೆಳಗಿನ ಚೀಲಗಳಲ್ಲಿ ಒಂದು ಬಗೆಯ ಚೂರು, ಮೇಲಿನ ಚೀಲಗಳಲ್ಲಿ ಇನ್ನೊಂದು ಬಗೆ.

ಆದರೆ ಇದು ತಲೆಯಿಲ್ಲದೆ ತಿಕ್ಕುವ ಕೆಲಸವಲ್ಲ. ಲೋಹಕ್ಕೆ ನೀರು ತಾಕಿಸಬಾರದು, ತುಕ್ಕು ಕೂಡಲೇ ಮುಂದುವರಿಯುತ್ತದೆ. ಬಣ್ಣದ ಗೆರೆ ಇರುವ ಚೂರನ್ನು ಕುಂಚದಿಂದ ಉಜ್ಜಿದರೆ ಬಣ್ಣ ನೀರಿನ ಪಾಲಾದೀತು. ಒಳಗೆ ಎಣ್ಣೆ, ಕೊಬ್ಬಿನ ಅಂಶ ಹೀರಿಕೊಂಡಿರುವ ಅಡುಗೆ ಮಡಕೆಯನ್ನು ಪ್ರಯೋಗಾಲಯಕ್ಕೆ ಕಳಿಸುವುದಾದರೆ ತೊಳೆಯದೆಯೇ ಎತ್ತಿಡಬೇಕು. ಇಂಗಾಲದ ಪರೀಕ್ಷೆಗೆ ಹೋಗುವ ಇದ್ದಿಲನ್ನು ಬರಿಗೈಯಲ್ಲಿ ಮುಟ್ಟಬಾರದು, ಕಾಗದದಲ್ಲಿ ಸುತ್ತಬಾರದು. ಕಾಗದವೂ ಒಂದು ಕಾಲಕ್ಕೆ ಮರವೇ ಆಗಿತ್ತಲ್ಲ, ಅದರ ಇಂಗಾಲ ಇದಕ್ಕೆ ಸೇರಿದರೆ ಲೆಕ್ಕ ತಪ್ಪುತ್ತದೆ. ಅನುಮಾನ ಬಂದರೆ ತೊಳೆಯದೆ ಬದಿಗಿಡುವುದು ಕಟ್ಟೆಯ ಕಾನೂನು.

ಬ್ರಿಟನ್ನಿನ ವಿಂಡೊಲಾಂಡ ಎಂಬ ರೋಮನ್ ಕೋಟೆಯಲ್ಲಿ 1973ರಲ್ಲಿ ನಡೆದದ್ದನ್ನು ನಾನು ಹೊಸಬರಿಗೆ ಯಾವಾಗಲೂ ಹೇಳುತ್ತೇನೆ. ಒದ್ದೆ ಮಣ್ಣಿನಲ್ಲಿ ಮರದ ಹೆರೆಯಂಥ ತೆಳು ಹಲಗೆಗಳು ಸಿಕ್ಕವು. ಒಂದಕ್ಕೊಂದು ಅಂಟಿದ್ದ ಎರಡನ್ನು ಬಿಡಿಸಿ ನೋಡಿದರೆ ಒಳಗೆ ಶಾಯಿಯ ಬರಹ! ಗಾಳಿಗೆ ತೆರೆದುಕೊಂಡ ಮೇಲೆ ಆ ಬರಹ ಮಾಸಿ ಓದಲಾರದಂತಾಯಿತು. ಕೊನೆಗೆ ಅತಿಗೆಂಪು ಛಾಯಾಚಿತ್ರದಲ್ಲಿ ಅಕ್ಷರಗಳು ಮತ್ತೆ ಕಂಡವು. ಆಮೇಲೆ ಅಲ್ಲಿ ನೂರಾರು ಹಲಗೆಗಳು ದೊರೆತವು. ಹುಟ್ಟುಹಬ್ಬಕ್ಕೆ ಬಾ ಎಂದು ಒಬ್ಬ ಹೆಂಗಸು ಗೆಳತಿಗೆ ಬರೆದ ಓಲೆಯೂ ಅವುಗಳಲ್ಲಿದೆ. ಅದೇ ತಾಣದಲ್ಲಿ ಇಂದಿಗೂ ಬೇಸಿಗೆಯ ಅಗೆತದಲ್ಲಿ ಸ್ವಯಂಸೇವಕರು ಕೈಜೋಡಿಸುತ್ತಾರೆ. ಹೆರೆ ಎಂದು ಎಸೆಯದೆ ಬದಿಗಿಟ್ಟ ಕೈಯಿಂದಲೇ ಅದೆಲ್ಲ ಶುರುವಾಯಿತು.

ಈ ಕೆಲಸದ ತೊಂದರೆಯನ್ನೂ ಹೇಳಬೇಕು. ದಿನವಿಡೀ ಒದ್ದೆ ಕೈ, ಬಗ್ಗಿದ ಕತ್ತು. ಮೂರನೆಯ ದಿನದ ಹೊತ್ತಿಗೆ ಕನಸಿನಲ್ಲೂ ಮಡಕೆ ಚೂರು. ಮಾತುಗಾರರ ಗುಂಪು ಸಿಕ್ಕರೆ ಸಮಯ ಸರಿಯುತ್ತದೆ, ಆದರೆ ಚೂರು ಯಾವ ಪದರದ್ದೆಂದು ಬರೆದ ಚೀಟಿಗಳು ಮಾತಿನ ಭರದಲ್ಲೇ ಅದಲುಬದಲಾಗುವುದು. ಚೀಟಿ ಕಳೆದ ಚೂರಿಗೂ ರಸ್ತೆಬದಿಯ ಕಲ್ಲಿಗೂ ವ್ಯತ್ಯಾಸವಿಲ್ಲ. ಒಂದು ಸಂಜೆ ಎರಡು ತಟ್ಟೆಗಳ ಚೀಟಿ ಬದಲಾಯಿಸಿಟ್ಟದ್ದು ನಾನೇ. ಯಾವುದು ಯಾವ ಪದರದ್ದೆಂದು ಖಚಿತವಾಗಿ ಹೇಳಲಾಗದೆ ಎರಡೂ ತಟ್ಟೆಗಳನ್ನು ಲೆಕ್ಕದಿಂದ ಬಿಡಬೇಕಾಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಬರೆಯುವವರು, ಚಿತ್ರ ತೆಗೆಯುವವರು

ಅಗೆತ ಮಣ್ಣನ್ನು ಮುಗಿಸುತ್ತದೆ, ಉಳಿಯುವುದು ದಾಖಲೆ. ಪ್ರತಿ ಪದರಕ್ಕೂ ಒಂದು ಹಾಳೆ, ಅದರ ಬಣ್ಣವನ್ನು ಮನ್ಸೆಲ್ ಪುಸ್ತಿಕೆಯ ಬಣ್ಣಚೌಕಗಳ ಜೊತೆ ಹೋಲಿಸಿ ಬರೆಯುವುದು, ಗುಂಡಿಯ ಪಕ್ಕದ ಮಣ್ಣುಗೋಡೆಯಲ್ಲಿ ಕಾಣುವ ಪದರಗಳನ್ನು ಗ್ರಾಫ್ ಹಾಳೆಗೆ ಇಳಿಸುವುದು, ಅಳತೆಪಟ್ಟಿ ಮತ್ತು ಉತ್ತರ ದಿಕ್ಕಿನ ಬಾಣವಿಟ್ಟು ಚಿತ್ರ ತೆಗೆಯುವುದು. 1973ರಲ್ಲಿ ಪುರಾತತ್ವಜ್ಞ ಎಡ್ವರ್ಡ್ ಹ್ಯಾರಿಸ್ ರೂಪಿಸಿದ ಒಂದು ಸರಳ ಪಟ್ಟಿಕೆ ಈಗ ಜಗತ್ತಿನ ಎಷ್ಟೋ ತಾಣಗಳಲ್ಲಿ ಬಳಕೆಯಲ್ಲಿದೆ. ಪ್ರತಿ ಪದರಕ್ಕೆ ಒಂದು ಚೌಕ, ಮೇಲಿನದು ಕೆಳಗಿನದಕ್ಕಿಂತ ಈಚಿನದು ಎಂದು ತೋರಿಸುವ ಗೆರೆ, ಅಷ್ಟೇ. ಪದಬಂಧ ಬಿಡಿಸುವ ಚಟ ಇರುವವರಿಗೆ ಇದು ಹಬ್ಬ.

ಇಲ್ಲಿ ಪದವಿಗಿಂತ ಶಿಸ್ತು ದೊಡ್ಡದು. 1939ರಲ್ಲಿ ಇಂಗ್ಲೆಂಡಿನ ಸಟನ್ ಹೂನಲ್ಲಿ ಹೂತಿಟ್ಟ ಹಡಗು ಹೊರಬಂದಾಗ ಮರವೆಲ್ಲ ಕರಗಿ ಮರಳಿನಲ್ಲಿ ಅದರ ಅಚ್ಚು ಮತ್ತು ಕಬ್ಬಿಣದ ಮೊಳೆಗಳು ಮಾತ್ರ ಉಳಿದಿದ್ದವು. ಅದನ್ನು ಮೊದಲು ಹದವಾಗಿ ಬಿಡಿಸಿದವರು ಓದಿಗಿಂತ ಅನುಭವದಿಂದ ಕಲಿತ ಬೇಸಿಲ್ ಬ್ರೌನ್. ರಜೆಯಲ್ಲಿ ಅಲ್ಲಿಗೆ ಬಂದಿದ್ದ ಇಬ್ಬರು ಶಾಲಾ ಶಿಕ್ಷಕಿಯರು, ಮರ್ಸಿ ಲ್ಯಾಕ್ ಮತ್ತು ಬಾರ್ಬರಾ ವ್ಯಾಗ್‌ಸ್ಟಾಫ್, ನಾನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದರು. ಯುದ್ಧದ ವರ್ಷಗಳಲ್ಲಿ ಆ ನೆಲ ಸೈನಿಕರ ತರಬೇತಿಗೆ ಬಳಕೆಯಾಗಿ ಹಡಗಿನ ಅಚ್ಚು ಕೆಟ್ಟಿತು. ಇಂದು ಆ ಹಡಗಿನ ಮೈಮಾಟ ಅರಿಯಲು ಅವರ ಚಿತ್ರಗಳು ಒಂದು ಮುಖ್ಯ ಆಧಾರ.

ಅಕ್ಷರ ದುಂಡಗಿದ್ದರೆ, ಹಾಳೆಯಲ್ಲಿ ಒಂದು ಕಾಲಂ ಖಾಲಿ ಉಳಿದರೆ ನಿದ್ದೆ ಬಾರದ ಸ್ವಭಾವ ನಿಮ್ಮದಾದರೆ ಇಲ್ಲಿಗೆ ಬನ್ನಿ. ಕಡಿಮೆ ದಿನ ಇರುವವರಿಗೆ ಮಾತ್ರ ಈ ಕೆಲಸ ಕೊಡಲು ತಂಡಗಳು ಹಿಂಜರಿಯುತ್ತವೆ. ಕಲಿಸಲು ನಾಲ್ಕು ದಿನ ಬೇಕು, ಐದನೆಯ ದಿನ ನೀವು ಹೊರಟರೆ ಅವರಿಗೆ ನಷ್ಟ.

ನಡೆಯುವವರು

ಅಗೆಯದೆಯೂ ಪುರಾತತ್ವ ನಡೆಯುತ್ತದೆ. ಉತ್ತ ಹೊಲದಲ್ಲಿ, ಬೋಳು ಗುಡ್ಡದಲ್ಲಿ ಹತ್ತು ಹದಿನೈದು ಅಡಿಗಳ ಅಂತರದಲ್ಲಿ ಸಾಲಾಗಿ ನಿಂತು, ನೆಲ ನೋಡುತ್ತ ನಡೆದು, ಕಂಡ ಕಂಡಲ್ಲಿ ಸಣ್ಣ ಬಾವುಟ ನೆಡುವುದು. ಎತ್ತಿಕೊಳ್ಳುವುದಲ್ಲ, ಗುರುತು ಹಾಕುವುದು. ನಡಿಗೆಯ ಅಭ್ಯಾಸವಿದ್ದು ಕಣ್ಣು ಚುರುಕಾಗಿದ್ದರೆ ಇದರಂಥ ಸುಖ ಇನ್ನೊಂದಿಲ್ಲ. ಮಸ್ಕಿಯಲ್ಲಿ ಅಶೋಕನ ಹೆಸರೇ ಇರುವ ಶಾಸನವನ್ನು 1915ರಲ್ಲಿ ಗುರುತಿಸಿದ ಬೀಡನ್ ಅವರು ಗಣಿ ಎಂಜಿನಿಯರ್, ಹುಡುಕುತ್ತಿದ್ದದ್ದು ಚಿನ್ನವನ್ನು. ಅಲ್ಲಿಯವರೆಗೆ ಬಂಡೆಗಳ ಮೇಲೆ ಕಾಣುತ್ತಿದ್ದ ‘ದೇವಾನಾಂಪ್ರಿಯ’ ಎಂಬ ರಾಜ ಅಶೋಕನೇ ಎಂಬ ಊಹೆಯನ್ನು ಆ ಬಂಡೆ ಖಚಿತಪಡಿಸಿತು.

ಈ ಕೆಲಸದ ಬೇಸರ ವಿಚಿತ್ರ. ‘ಇಲ್ಲಿ ಏನೂ ಇಲ್ಲ’ ಎಂದು ಬರೆಯುವುದೂ ಒಂದು ಫಲಿತಾಂಶ. ಅದನ್ನು ಒಪ್ಪಿಕೊಳ್ಳಲಾರದವರು ಎರಡನೆಯ ದಿನಕ್ಕೇ ಪ್ರತಿ ಕಲ್ಲಿನಲ್ಲೂ ಕೊಡಲಿ ಕಾಣತೊಡಗುತ್ತಾರೆ.

ತೋರಿಸುವವರು, ಕಾಯುವವರು

ಮಾತು ಬಲ್ಲವರಿಗೆ ಮಾರ್ಗದರ್ಶಿಯ ಕೆಲಸ. ಮೈಗೆ ಹಗುರ, ಗಂಟಲಿಗೆ ಭಾರ. ಜಗತ್ತಿನ ಯಾವ ಕೋಟೆಗೇ ಹೋದರೂ ಒಂದು ಸುರಂಗದ ಕತೆ ಇರುತ್ತದೆ. ರಾಜ ಅದರಲ್ಲಿ ಕುದುರೆ ಏರಿ ತಪ್ಪಿಸಿಕೊಂಡಿರುತ್ತಾನೆ. ಕೇಳುವವರಿಗೆ ಅದೇ ಬೇಕು. ‘ಅದಕ್ಕೆ ಆಧಾರ ಸಿಕ್ಕಿಲ್ಲ’ ಎಂದು ನಗುತ್ತಲೇ ಹೇಳಿ, ಆ ಸುರಂಗಕ್ಕಿಂತ ಸ್ವಾರಸ್ಯವಾದ ನಿಜವೊಂದನ್ನು ತೋರಿಸಬಲ್ಲವರು ಒಳ್ಳೆಯ ಮಾರ್ಗದರ್ಶಿಗಳು. ಚಪ್ಪಾಳೆಯ ಆಸೆಗೆ ಸುರಂಗವನ್ನು ಉದ್ದ ಮಾಡುತ್ತ ಹೋಗುವವರನ್ನೂ ಕಂಡಿದ್ದೇನೆ.

ಕಾಯುವ ಕೆಲಸಕ್ಕೆ ಹೆಸರು ಕಡಿಮೆ, ಬೇಡಿಕೆ ಹೆಚ್ಚು. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಂತು ಅದೇ ಗೋಡೆಯ ಚಿತ್ರ ತೆಗೆಯುವುದು, ಬಿರುಕು ಬೆಳೆದಿದೆಯೇ, ಹೊಸ ಗುಂಡಿ ಯಾರಾದರೂ ತೋಡಿದ್ದಾರೆಯೇ ಎಂದು ನೋಡಿ ವರದಿ ಮಾಡುವುದು. ಜನರೇ ತಾಣಕ್ಕೆ ಹೊರೆಯಾಗುವುದೂ ಉಂಟು. ಆದಿಮಾನವರು ಗೋಡೆಗಳ ಮೇಲೆ ಚಿತ್ರ ಬರೆದ ಫ್ರಾನ್ಸಿನ ಲಾಸ್ಕೋ ಗುಹೆ 1948ರಲ್ಲಿ ಪ್ರವಾಸಿಗರಿಗೆ ತೆರೆಯಿತು. ದಿನಕ್ಕೆ ಸಾವಿರಕ್ಕೂ ಹೆಚ್ಚು ಜನರ ಉಸಿರು, ಬೆವರು, ದೀಪದ ಬೆಳಕಿನಿಂದ ಗೋಡೆಗಳ ಮೇಲೆ ಪಾಚಿ ಹಬ್ಬಿತು. 1963ರಲ್ಲಿ ಬಾಗಿಲು ಹಾಕಬೇಕಾಯಿತು. ಮನೆಯಿಂದ ಹತ್ತಿರದಲ್ಲೇ ತಾಣವಿದ್ದು, ವರ್ಷಗಟ್ಟಲೆ ಬಿಡದೆ ಬರಬಲ್ಲಿರಾದರೆ ಎರಡು ವಾರದ ಅಗೆತಕ್ಕಿಂತ ಈ ಕಾವಲು ತಾಣಕ್ಕೆ ಹೆಚ್ಚು ಉಪಯೋಗ.

ಗಿಡಗಂಟಿ ಸವರುವುದು, ಗೋಡೆ ದುರಸ್ತಿಯಂಥ ಶ್ರಮದಾನಕ್ಕೆ ಹೊರಟವರಿಗೆ ಒಂದೇ ಎಚ್ಚರಿಕೆ: ಒಳ್ಳೆಯ ಮನಸ್ಸಿನಿಂದ ಹಾಳಾದ ತಾಣಗಳಿಗೆ ಲೆಕ್ಕವಿಲ್ಲ. ಗೋಡೆಯೊಳಗೆ ಇಳಿದ ಬೇರನ್ನು ಜಗ್ಗಿದರೆ ಕಲ್ಲುಗಳೂ ಜೊತೆಗೆ ಬರುತ್ತವೆ. ಹಳೆಯ ಗಾರೆಯ ಸಂದಿಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವಕ್ಕೆ ಹೊರದಾರಿ ಮುಚ್ಚಿ, ಅದು ಕಲ್ಲಿನ ಮೂಲಕವೇ ಹೊರಬರುತ್ತ, ಲವಣ ಹರಳುಗಟ್ಟಿ ಕಲ್ಲಿನ ಮೈಯೇ ಉದುರುತ್ತದೆ. ಸಂರಕ್ಷಣೆ ಬಲ್ಲವರು ಎದುರಿಗಿಲ್ಲದೆ ಕುಡುಗೋಲನ್ನೂ ಎತ್ತಬೇಡಿ.

ಮನೆಯಲ್ಲೇ ಕುಳಿತು

ಪ್ರಯಾಣ ಆಗದವರಿಗೆ ಪರದೆಯ ಮುಂದಿನ ಕೆಲಸವೂ ಇದೆ. 2011ರಲ್ಲಿ ಶುರುವಾದ ‘ಏನ್ಷಿಯಂಟ್ ಲೈವ್ಸ್’ ಯೋಜನೆಯಲ್ಲಿ ಈಜಿಪ್ಟಿನ ಆಕ್ಸಿರಿಂಕಸ್‌ನ ತಿಪ್ಪೆಗಳಲ್ಲಿ ಸಿಕ್ಕ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ತುಣುಕುಗಳ ಗ್ರೀಕ್ ಅಕ್ಷರಗಳನ್ನು ಸಾಮಾನ್ಯ ಜನ ಒಂದೊಂದಾಗಿ ಗುರುತಿಸಿದರು. ಗ್ರೀಕ್ ಬರಬೇಕೆಂದಿರಲಿಲ್ಲ, ಆಕಾರ ಹೋಲಿಸಿದರೆ ಸಾಕಿತ್ತು. 2017ರಲ್ಲಿ ಪುರಾತತ್ವಜ್ಞೆ ಸಾರಾ ಪಾರ್ಕಾಕ್ ಅವರ ‘ಗ್ಲೋಬಲ್ ಎಕ್ಸ್‌ಪ್ಲೋರರ್’ ಪೆರುವಿನ ಉಪಗ್ರಹ ಚಿತ್ರಗಳಲ್ಲಿ ಕಳ್ಳರು ತೋಡಿದ ಗುಂಡಿಗಳನ್ನು ಹುಡುಕುವ ಕೆಲಸ ಕೊಟ್ಟಿತು. ರಾತ್ರಿ ಅರ್ಧ ಗಂಟೆ ಬಿಡುವಿದ್ದರೂ ನಡೆಯುತ್ತದೆ. ಮಣ್ಣಿನ ವಾಸನೆ ಮಾತ್ರ ಇರುವುದಿಲ್ಲ.

ಹಾಗಾದರೆ ಯಾವುದು?

ಮೂರು ನಾಲ್ಕು ದಿನ ಮಾತ್ರ ಇದ್ದರೆ ತೊಳೆಯುವ ಕಟ್ಟೆ ಅಥವಾ ಜರಡಿ. ಎರಡು ವಾರ ಸಿಕ್ಕರೆ ಮೊದಲ ವಾರ ಕಟ್ಟೆಯಲ್ಲಿ ಕಳೆದು ಆಮೇಲೆ ಗುಂಡಿಗೆ ಇಳಿಯಲು ಬಿಡುತ್ತಾರೆಯೇ ಕೇಳಿ. ಚೂರನ್ನು ಕಂಡ ಕಣ್ಣಿಗೆ ಮಣ್ಣು ಬೇರೆಯಾಗಿ ಕಾಣುತ್ತದೆ. ಒಂದಿಡೀ ಋತು ಇರಬಲ್ಲವರು ದಾಖಲೆಯ ಕೆಲಸವನ್ನು ಬೇಡಿ ಪಡೆಯಿರಿ. ಮಕ್ಕಳನ್ನು ಕರೆದುಕೊಂಡು ಹೋಗುವವರು ಅಗೆತದ ಆಸೆ ಬಿಡುವುದೇ ಲೇಸು; ಆಳದ ಗುಂಡಿಯ ಅಂಚು ಕುಸಿಯಲು ಒಂದು ಹೆಜ್ಜೆ ಸಾಕು. ಯಾವ ಕೆಲಸವಾದರೂ ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಹೋಗಿ. ಸಿಕ್ಕಿದ್ದರ ಚಿತ್ರವನ್ನು ಅನುಮತಿಯಿಲ್ಲದೆ ಮೊಬೈಲಿನಿಂದ ಯಾರಿಗೂ ಕಳಿಸಬೇಡಿ. ಜಾಗದ ಗುರುತು ಹಿಡಿದು ರಾತ್ರಿ ಗುದ್ದಲಿ ತರುವವರು ಆ ಚಿತ್ರವನ್ನೇ ಕಾಯುತ್ತಿರುತ್ತಾರೆ.

ಹಣದ ಮಾತು. ಕೆಲವು ಶಿಬಿರಗಳು ಊಟ ವಸತಿ ಕೊಡುತ್ತವೆ, ಕೆಲವು ನಿಮ್ಮಿಂದಲೇ ಶುಲ್ಕ ಪಡೆಯುತ್ತವೆ. ಶುಲ್ಕ ತೆಗೆದುಕೊಳ್ಳುವುದೇ ತಪ್ಪಲ್ಲ, ಉತ್ಖನನಕ್ಕೆ ಖರ್ಚಿದೆ. ಆದರೆ ಆ ಹಣದಲ್ಲಿ ಕಲಿಸುವವರಿಗೆಷ್ಟು, ಸಂರಕ್ಷಣೆಗೆಷ್ಟು ಎಂದು ಕೇಳಿದರೆ ಉತ್ತರ ಬರಬೇಕು. ಕೂಲಿ ಪಡೆದು ಅಗೆಯುತ್ತಿದ್ದ ಸ್ಥಳೀಯರನ್ನು ಬಿಡಿಸಿ ಆ ಜಾಗಕ್ಕೆ ಹಣ ಕೊಡುವ ಸ್ವಯಂಸೇವಕರನ್ನು ತುಂಬಿಕೊಳ್ಳುತ್ತಿದ್ದಾರೆಯೇ ಎಂಬುದನ್ನೂ ಗಮನಿಸಿ. ಅಗೆಯಲು ಸರ್ಕಾರದ ಪರವಾನಗಿ ಇದೆಯೇ, ಅದು ಯಾರ ಹೆಸರಿನಲ್ಲಿದೆ ಎಂದು ಕೇಳಲು ಸಂಕೋಚ ಬೇಡ.

ನಾನು ಕೊನೆಗೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಹಿಂದಿನ ಅಗೆತಗಳ ವರದಿ ಎಲ್ಲಿ ಓದಲು ಸಿಗುತ್ತದೆ? ಒಂದು ಕಡೆ ಇದನ್ನು ಕೇಳಿದಾಗ ಮೇಲ್ವಿಚಾರಕರು ಕಪಾಟಿನಿಂದ ನಾಲ್ಕು ಸಂಪುಟ ಇಳಿಸಿ ಮುಂದಿಟ್ಟರು. ಇನ್ನೊಂದು ಕಡೆ, ಹೊಳೆಯುವ ಮಣಿಗಳ ಬಣ್ಣದ ಚಿತ್ರಗಳಿದ್ದ ಕರಪತ್ರ ಕೈಗಿತ್ತರು. ಮೊದಲನೆಯ ಕಡೆ ಮೂರು ವರ್ಷ ಮಡಕೆ ಚೂರು ತೊಳೆದೆ.